ಕುಮಾರಿ ತೋರು ದತ್ತಳ ಫ್ರೆಂಚ್ ವ್ಯಾಸಂಗ

ದೇಶ ಸುತ್ತಬೇಕು, ಇಲ್ಲವೇ ಕೋಶ ಓದಬೇಕು ಎಂಬುದು ನಮ್ಮ ಹಿರಿಯರ ನುಡಿ. ಎರಡರಲ್ಲೊಂದು ಕೈಗೂಡಿದರೂ ಮನುಷ್ಯನ ತಿಳಿವು ಬೆಳೆಯುತ್ತದೆಂಬುದು ಅದರ ಅಭಿಪ್ರಾಯ. ಆದರೆ ಪರಭಾಷೆಯೊಂದನ್ನು ಆಳವಾಗಿ ಕಲಿಯಹೊರಟವರಿಗೆ ಎರಡರಲ್ಲೊಂದು ಸಾಲದು. ದೇಶ ಸುತ್ತಿದವನಿಗೆ ಮಾತು ಬಂದೀತು, ವ್ಯಾಕರಣ ಸಡಿಲವಾಗಿಯೇ ಉಳಿದೀತು. ಕೋಶ ಓದಿದವನಿಗೆ ವ್ಯಾಕರಣ ಬಂದೀತು, ಆಡಹೋದರೆ ನಾಲಗೆ ತೊಡರೀತು. ಸುಮಾರು ನಾಲ್ಕು ವರ್ಷ ದೇಶ ಸುತ್ತಿ, ಮತ್ತೆ ನಾಲ್ಕು ವರ್ಷ ಕೋಶ ಓದಿ, 21ನೆಯ ವಯಸ್ಸಿನಲ್ಲಿಯೇ ಕಣ್ಮುಚ್ಚಿದ ಬಂಗಾಳದ ಕುವರಿಯೊಬ್ಬಳ ಕಥೆ ಇದು. ಆಕೆಯೇ ತೋರು ದತ್ತ.

ಇಂಗ್ಲಿಷ್ ಕವನ ಸಂಕಲನಗಳನ್ನು ಓದಿದ ವಿದ್ಯಾರ್ಥಿಗಳಿಗೆ ಈ ಹೆಸರು ಹೊಸದಲ್ಲ. ತನ್ನ ಮನೆಯ ತೋಟದ ಗಾಳಿಮರವನ್ನು ಕುರಿತು ಆಕೆ ಬರೆದ ಕವನ ಅನೇಕ ಸಂಕಲನಗಳಲ್ಲಿ ಸೇರಿದೆ. ಆದರೆ ಆಕೆ ಬದುಕಿದ್ದಾಗ ಹೆಸರು ತಂದುಕೊಟ್ಟದ್ದು ಆ ಕವನವಲ್ಲ. ಫ್ರೆಂಚ್ ಭಾಷೆಯಲ್ಲಿ ಆಕೆ ಪಡೆದ ಪ್ರಭುತ್ವ. ಆ ಪ್ರಭುತ್ವ ಆಕೆಗೆ ಹೇಗೆ ಬಂದಿತು, ಬಂದದ್ದು ಹೇಗೆ ಉಳಿಯಿತು ಎಂಬುದು ಭಾಷಾಭ್ಯಾಸ ಮಾಡುವ ನಮ್ಮೆಲ್ಲರಿಗೂ ವಿಚಾರಾರ್ಹವಾದ ಸಂಗತಿ.

ತೋರು ಹುಟ್ಟಿದ್ದು ಕಲ್ಕತ್ತೆಯ ರಾಮಬಾಗಾನಿನಲ್ಲಿ, 1856ನೆಯ ಇಸವಿ ಮಾರ್ಚ್ 4ರಂದು. ತರು ಎಂಬ ಹೆಸರನ್ನೇ ಬಂಗಾಳಿಗಳು ತಮ್ಮ ಉಚ್ಚಾರಣೆಯಂತೆ ತೋರು ಎನ್ನುತ್ತಾರೆ. ತಂದೆ ಗೋವಿನಚಂದ್ರ ದತ್ತರು, ತಾಯಿ ಕ್ಷೇತ್ರಮಣಿ. ದತ್ತರ ಮನೆತನ ವಿದ್ಯೆಗೂ ಸಿರಿಗೂ ಹೆಸರಾದದ್ದು. ಗೋವಿನಚಂದ್ರರೂ ಅವರ ಬಂಧುಗಳೂ ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ಅವುಗಳ ಸಂಗ್ರಹವೊಂದು 1870ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. 1862ರಲ್ಲಿ ಈ ಕುಟುಂಬ ಕ್ರೈಸ್ತಮತವನ್ನು ಸ್ವೀಕರಿಸಿತು. ಮಕ್ಕಳು ಮೂವರು: ಹಿರಿಯವನು ಅಬ್ಜು, ನಡುವಿನವಳು ಅರು, ಕಿರಿಯಳು ತೋರು. 1865ರಲ್ಲಿ ಅಬ್ಜು ತನ್ನ 14ನೆಯ ವಯಸ್ಸಿನಲ್ಲಿ ತೀರಿಕೊಂಡನು. ಮನೆಯಲ್ಲಿ ಉಳಿದವರು ಹೆಣ್ಣುಮಕ್ಕಳಿಬ್ಬರೇ. ಮಗನಿಗೆ ಕೊಡಿಸಬೇಕಾಗಿದ್ದ ವಿದ್ಯೆಯನ್ನು ಅವರಿಗೆ ಕೊಡಿಸಬೇಕೆಂದು ತಂದೆ ನಿಶ್ಚಯಿಸಿದರೆಂದು ಊಹಿಸಿದರೆ ತಪ್ಪಾಗಲಾರದು. 1869ರಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಅವರು ಯೂರೋಪಿಗೆ ಹಡಗು ಹತ್ತಿದರು. ಬಂಗಾಳದ ಹೆಣ್ಣುಮಕ್ಕಳು ಕಡಲು ದಾಟುವುದು ಕೇಳರಿಯದ ಕಾಲ ಅದು.

ಹಡಗಿನಿಂದಿಳಿದವರು ಮೊದಲು ನೆಲೆಸಿದ್ದು ಇಂಗ್ಲೆಂಡಿನಲ್ಲಲ್ಲ, ಫ್ರಾನ್ಸಿನ ದಕ್ಷಿಣ ತೀರದ ನೀಸ್ ಪಟ್ಟಣದಲ್ಲಿ. ಅಲ್ಲಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಅಕ್ಕತಂಗಿಯರು ಕೆಲವು ತಿಂಗಳು ಫ್ರೆಂಚ್ ಕಲಿತರು. ಅವರು ತಮ್ಮ ಜೀವಮಾನದಲ್ಲಿ ಶಾಲೆ ಎಂದು ಮೆಟ್ಟಿದ್ದು ಅದೊಂದನ್ನೇ. ಆಗ ತೋರುವಿಗೆ ವಯಸ್ಸು ಹದಿನಾಲ್ಕರ ಆಸುಪಾಸು. ಶಾಲೆಯಲ್ಲಿ ಫ್ರೆಂಚ್, ಬೀದಿಯಲ್ಲಿ ಫ್ರೆಂಚ್, ಅಂಗಡಿಯಲ್ಲಿ ಫ್ರೆಂಚ್. ಭಾಷೆ ಕಿವಿಯ ಮೂಲಕ ಒಳಗೆ ಇಳಿಯುವುದಕ್ಕೆ ಇದಕ್ಕಿಂತ ಬೇರೆ ಏರ್ಪಾಡು ಬೇಕಿಲ್ಲ.

ಫ್ರೆಂಚ್ ಭಾಷೆಯ ತೊಡಕುಗಳೇನೆಂಬುದನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬಹುದು. ಅದರಲ್ಲಿ ನಪುಂಸಕಲಿಂಗವಿಲ್ಲ, ಮೇಜು ಹೆಣ್ಣು, ಪುಸ್ತಕ ಗಂಡು, ಹೀಗೆ ಪ್ರತಿಯೊಂದು ವಸ್ತುವಿಗೂ ಒಂದು ಲಿಂಗ, ವಿಶೇಷಣವೂ ಅದಕ್ಕೆ ತಕ್ಕಂತೆ ಬದಲಾಗಬೇಕು. ಬರೆದ ಅಕ್ಷರಗಳಲ್ಲಿ ಎಷ್ಟೋ ಉಚ್ಚಾರಣೆಗೆ ಬರುವುದಿಲ್ಲ. ಪದದ ಕೊನೆಯಲ್ಲಿ ಸುಮ್ಮನಿದ್ದ ವ್ಯಂಜನ, ಮುಂದೆ ಸ್ವರ ಬಂದರೆ ತಟ್ಟನೆ ಬಾಯಿ ಬಿಡುತ್ತದೆ. ಬಯಕೆ, ಭಯ, ಸಂದೇಹಗಳನ್ನು ಹೇಳುವ ಕಡೆ ಕ್ರಿಯಾಪದದ ರೂಪವೇ ಬೇರೆ. ನಡೆದುಹೋದುದನ್ನು ಹೇಳಲು ಮಾತಿನಲ್ಲಿ ಬಹುಮಟ್ಟಿಗೆ ಒಂದು ಭೂತಕಾಲ, ಕಥೆ ಚರಿತ್ರೆಗಳ ಬರಹದಲ್ಲಿ ಮತ್ತೊಂದು. ಇವೆಲ್ಲ ಪುಸ್ತಕದಿಂದ ತಿಳಿಯತಕ್ಕ ವಿಷಯಗಳು. ಆದರೆ ಯಾರನ್ನು ನೀನು ಎನ್ನಬೇಕು, ಯಾರನ್ನು ನೀವು ಎನ್ನಬೇಕು, ನೀವು ಎನ್ನುತ್ತಿದ್ದವರನ್ನು ಯಾವ ಗಳಿಗೆಯಲ್ಲಿ ನೀನು ಎನ್ನಲು ತೊಡಗಬಹುದು ಎಂಬುದನ್ನು ಯಾವ ಪುಸ್ತಕವೂ ಪೂರ್ತಿಯಾಗಿ ಹೇಳಿಕೊಡಲಾರದು. ಇಂದಿನ ಇಂಗ್ಲಿಷಿನಲ್ಲಿ ಈ ಭೇದ ಅಳಿಸಿಹೋಗಿದೆ; ಆದ್ದರಿಂದ ಫ್ರೆಂಚ್ ಕಲಿಯುವ ಇಂಗ್ಲಿಷರು ಇಲ್ಲಿ ಎಡವುತ್ತಾರೆ. ಫ್ರೆಂಚಿನಲ್ಲಿ ಅದು ಇದೆ. ಬಂಗಾಳಿಯಲ್ಲಿ ಎರಡಲ್ಲ, ಮೂರು ಮೆಟ್ಟಿಲಾಗಿ ಇದೆ. ನಮ್ಮ ಕನ್ನಡದಲ್ಲಿಯೂ ಇರುವುದರಿಂದ ಅದರ ಸೂಕ್ಷ್ಮ ನಮಗೆ ಗೊತ್ತೇ ಇದೆ. ಈ ಒಂದು ವಿಷಯದಲ್ಲಿ ದತ್ತ ಸೋದರಿಯರು ತಮ್ಮ ಮನೆಯಿಂದಲೇ ಬಂಡವಾಳ ತಂದಿದ್ದರೆನ್ನಬೇಕು.

ನೀಸಿನಿಂದ ಪ್ಯಾರಿಸ್, ಪ್ಯಾರಿಸಿನಿಂದ 1870ರಲ್ಲಿ ಲಂಡನ್. ಅದೇ ವರ್ಷ ಜುಲೈ ತಿಂಗಳಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧ ಹತ್ತಿತು. ಸೆಪ್ಟೆಂಬರಿನಲ್ಲಿ ಸೆಡಾನಿನಲ್ಲಿ ಫ್ರೆಂಚರ ಚಕ್ರವರ್ತಿಯೇ ಸೆರೆಯಾದನು. ಪ್ಯಾರಿಸ್ ಮುತ್ತಿಗೆಗೆ ಸಿಕ್ಕಿ 1871ರ ಜನವರಿಯಲ್ಲಿ ಶರಣಾಯಿತು. ತಾನು ಕೆಲವೇ ತಿಂಗಳ ಹಿಂದೆ ನೋಡಿ ಬಂದ ನಗರಕ್ಕೆ ಒದಗಿದ ದುರ್ಗತಿಯನ್ನು ಕೇಳಿ ಹದಿನೈದು ವರ್ಷವೂ ತುಂಬದ ತೋರು ತನ್ನ ದಿನಚರಿಯಲ್ಲಿ ಬಹಳವಾಗಿ ಮರುಗಿದ್ದಾಳೆ. ಆ ಸೋಲನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಕವನವನ್ನೂ ಬರೆದಳು. ವ್ಯಾಕರಣದ ಪಾಠವಾಗಿ ಆರಂಭವಾದ ಭಾಷೆ ಇಷ್ಟರಲ್ಲಿ ಆಕೆಯ ಹೃದಯವನ್ನು ತಟ್ಟಿತ್ತು.

1871ರಲ್ಲಿ ಕುಟುಂಬ ಕೇಂಬ್ರಿಜ್‌ಗೆ ಹೋಯಿತು. ಅಲ್ಲಿನ ವಿಶ್ವವಿದ್ಯಾನಿಲಯ ಆಗ ಸಂಪೂರ್ಣವಾಗಿ ಪುರುಷರದು. ಆದರೆ ಹೆನ್ರಿ ಸಿಜ್ವಿಕ್ ಮೊದಲಾದ ಉದಾರಮತಿಗಳ ಪ್ರಯತ್ನದಿಂದ 1870ರಲ್ಲಿ ಸ್ತ್ರೀಯರಿಗಾಗಿ ಉನ್ನತ ಉಪನ್ಯಾಸಗಳು ಎಂಬ ಹೊಸ ಏರ್ಪಾಡು ಅಲ್ಲಿ ಮೊದಲಾಗಿತ್ತು. ದೂರದಿಂದ ಬರುವ ಹೆಣ್ಣುಮಕ್ಕಳ ವಸತಿಗಾಗಿ 1871ರಲ್ಲಿ ಐವರು ವಿದ್ಯಾರ್ಥಿನಿಯರೊಡನೆ ಒಂದು ಮನೆ ತೆರೆಯಿತು; ಅದೇ ಬೆಳೆದು ನ್ಯೂನ್ಹಮ್ ಕಾಲೇಜಾಯಿತು. ಅರು ತೋರು ಇಬ್ಬರೂ ತಂದೆತಾಯಿಗಳೊಡನೆ ಊರಿನಲ್ಲಿದ್ದುಕೊಂಡು ಈ ಉಪನ್ಯಾಸಗಳಿಗೆ ಹೋಗುತ್ತಿದ್ದರು. ಅವರು ಹೆಚ್ಚು ಆಸಕ್ತಿಯಿಂದ ಕೇಳಿದ್ದು ಫ್ರೆಂಚ್ ಪಾಠಗಳನ್ನು. ನೀಸಿನಲ್ಲಿ ಕಿವಿಯಿಂದ ಬಂದದ್ದಕ್ಕೆ ಇಲ್ಲಿ ಶಾಸ್ತ್ರದ ಕಟ್ಟು ದೊರೆಯಿತು. ಇದಕ್ಕೆ ಪ್ರತಿಯಾಗಿ ಪದವಿಯ ಆಸೆ ಇಡುವಂತಿರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾನಿಲಯ ಸ್ತ್ರೀಯರಿಗೆ ಪೂರ್ಣ ಪದವಿಯನ್ನು ಕೊಟ್ಟದ್ದು 1948ರಲ್ಲಿ, ಎಂದರೆ ಈ ಸೋದರಿಯರು ಆ ಊರು ಬಿಟ್ಟ 75 ವರ್ಷಗಳ ಮೇಲೆ. ಪರೀಕ್ಷೆಯಿಲ್ಲ, ಅಂಕವಿಲ್ಲ, ಪ್ರಮಾಣಪತ್ರವಿಲ್ಲ. ಇದ್ದದ್ದು ಕಲಿಯಬೇಕೆಂಬ ಹಂಬಲ ಒಂದೇ. ಸಿಡ್ನಿ ಸಸೆಕ್ಸ್ ಕಾಲೇಜಿಗೆ ಸೇರಿದ ಪಾದ್ರಿಯೊಬ್ಬರ ಮಗಳಾದ ಮೇರಿ ಮಾರ್ಟಿನ್ ಎಂಬಾಕೆಯ ಗೆಳೆತನವೂ ಇಲ್ಲಿಯೇ ಕುದುರಿತು.

ಈ ಕಾಲದಲ್ಲಿ ತೋರುವಿಗೆ ದೊರೆತ ದೊಡ್ಡ ಸೌಭಾಗ್ಯವೆಂದರೆ ಅಕ್ಕನ ಜೊತೆ. ಇಬ್ಬರೂ ಒಟ್ಟಿಗೆ ಓದಿದರು, ಒಟ್ಟಿಗೆ ಫ್ರೆಂಚ್ ಕವಿತೆಗಳನ್ನು ಇಂಗ್ಲಿಷಿಗೆ ತಂದರು. ಅರುವಿಗೆ ಚಿತ್ರ ಬರೆಯುವ ಕೈ ಇತ್ತು. ತೋರು ಒಂದು ಕಾದಂಬರಿ ಬರೆಯಬೇಕು, ಅರು ಅದಕ್ಕೆ ಚಿತ್ರಗಳನ್ನು ಬರೆಯಬೇಕು, ಕರ್ತೃಗಳ ಹೆಸರಿಲ್ಲದೆ ಅದನ್ನು ಪ್ರಕಟಿಸಬೇಕು ಎಂದು ಅಕ್ಕತಂಗಿಯರು ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡಿದ್ದರು.

1873ರಲ್ಲಿ ಕುಟುಂಬ ಕಲ್ಕತ್ತೆಗೆ ಮರಳಿತು. ದೇಶ ಸುತ್ತುವ ಕಾಲ ಅಲ್ಲಿಗೆ ಮುಗಿಯಿತು. ಕೇಂಬ್ರಿಜಿನಲ್ಲಿ ಗೆಳತಿಯರೊಡನೆ ಸ್ವೇಚ್ಛೆಯಾಗಿ ತಿರುಗಾಡಿದ್ದ ಹುಡುಗಿಯರಿಗೆ ಇಲ್ಲಿ ರಾಮಬಾಗಾನಿನ ಮನೆ, ಬಾಗ್ಮಾರಿಯ ತೋಟದ ಮನೆ, ಇವೆರಡೇ ಲೋಕವಾದುವು. ಫ್ರೆಂಚ್ ಮಾತು ಕಿವಿಗೆ ಬೀಳುವ ಅವಕಾಶ ತಪ್ಪಿತು. ಆದರೂ ಇಬ್ಬರು ಇದ್ದರು. ಒಬ್ಬಳು ಆಡಿದರೆ ಕೇಳುವುದಕ್ಕೆ ಇನ್ನೊಬ್ಬಳಿದ್ದಳು. 1874ರ ಜುಲೈ 23ರಂದು ಅದೂ ಇಲ್ಲವಾಯಿತು. ಕ್ಷಯರೋಗದಿಂದ ಅರು ತನ್ನ 20ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಯೋಚಿಸಿದ್ದ ಕಾದಂಬರಿಯ ಒಂದು ಪುಟವನ್ನೂ ಆಕೆ ನೋಡಲಿಲ್ಲ.

ಜೊತೆಗಾರರಿಲ್ಲದ ಭಾಷೆ ನೀರಿಲ್ಲದ ಗಿಡದಂತೆ. ನಾವು ಶಾಲೆಯಲ್ಲಿ ಕಲಿತ ಎಷ್ಟು ವಿಷಯ ಹೀಗೆ ಬತ್ತಿಹೋಗಿಲ್ಲ! ತೋರುವಿನ ಫ್ರೆಂಚ್ ಕೂಡ ಹಾಗೆಯೇ ಮೆಲ್ಲಮೆಲ್ಲನೆ ಬತ್ತಬಹುದಾಗಿತ್ತು. ಬತ್ತಲಿಲ್ಲ, ಮುಂದಿನ ಮೂರು ವರ್ಷಗಳಲ್ಲಿಯೇ ಅದು ಹೂಬಿಟ್ಟಿತು. ಇದು ಹೇಗಾಯಿತೆಂಬುದನ್ನು ಆಕೆಯ ತಂದೆ ಬರೆದಿಟ್ಟ ನೆನಪುಗಳಿಂದ ತಿಳಿಯಬಹುದು.

ತೋರು ಬಹಳ ಓದುತ್ತಿದ್ದಳು, ಬೇಗ ಬೇಗ ಓದುತ್ತಿದ್ದಳು; ಆದರೆ ಕಷ್ಟದ ಜಾಗ ಬಂದರೆ ಹಾರಿಸಿ ಮುಂದೆ ಹೋಗುತ್ತಿರಲಿಲ್ಲ. ನಿಘಂಟುಗಳನ್ನೂ ವಿಶ್ವಕೋಶಗಳನ್ನೂ ಮುಂದಿಟ್ಟುಕೊಂಡು ಅರ್ಥ ತಿಳಿಯುವವರೆಗೂ ಹುಡುಕಿ, ತಿಳಿದದ್ದನ್ನು ಗುರುತು ಹಾಕಿಕೊಂಡ ಬಳಿಕವೇ ಪುಟ ತಿರುಗಿಸುತ್ತಿದ್ದಳು. ಹೀಗಾಗಿ ಒಮ್ಮೆ ಹುಡುಕಿದ ಪದ ಮತ್ತೆ ಮರೆಯುತ್ತಿರಲಿಲ್ಲ. ಇದು ಕೋಶ ಓದುವ ಕೆಲಸ. ಮಾತಿನ ಜೊತೆಯಾಗಿ ಉಳಿದಿದ್ದವರು ತಂದೆಯೊಬ್ಬರೇ. ಫ್ರೆಂಚ್, ಜರ್ಮನ್ ಅಥವಾ ಸಂಸ್ಕೃತದ ಯಾವುದಾದರೊಂದು ಮಾತಿನ ಅರ್ಥದ ಬಗ್ಗೆ ತಂದೆಗೂ ಮಗಳಿಗೂ ವಾದ ಹತ್ತುತ್ತಿತ್ತು. ತಮ್ಮದೇ ಸರಿಯೆಂಬ ಧೈರ್ಯದಿಂದ ತಂದೆ ಕೆಲವೊಮ್ಮೆ ಪಂತ ಕಟ್ಟುತ್ತಿದ್ದರು. ಪಂತದ ಹಣ ಸಾಮಾನ್ಯವಾಗಿ ಒಂದು ರೂಪಾಯಿ. ನಿಘಂಟನ್ನು ತೆರೆದು ನೋಡಿದರೆ ಗೆದ್ದವಳು ಬಹುಶಃ ಮಗಳೇ ಆಗಿರುತ್ತಿದ್ದಳು. ಎಂದಾದರೂ ಸೋತರೆ ಮೊದಲು ಒಂದು ನಗೆ, ಆಮೇಲೆ ತನ್ನ ಸಣ್ಣ ಬೆರಳುಗಳಿಂದ ತಂದೆಯ ನರೆತ ಗಡ್ಡದ ಕೆನ್ನೆಯನ್ನು ತಟ್ಟುವುದು, ಆ ಮೇಲೆ ತನಗೆ ಪ್ರಿಯಳಾದ ಕವಯಿತ್ರಿ ಬ್ರೌನಿಂಗಳ ಒಂದು ಸಾಲು. ಮೂವರು ಮಕ್ಕಳನ್ನೂ ಕಳೆದುಕೊಂಡ ಮೇಲೆ ಆ ತಂದೆ ಇದನ್ನು ಬರೆದಿಟ್ಟಿದ್ದಾರೆಂಬುದನ್ನು ನೆನೆದರೆ ಓದುವವರ ಕಣ್ಣು ಹನಿಗೂಡುತ್ತದೆ.

1874ರಿಂದ ಕಲ್ಕತ್ತೆಯ 'ಬೆಂಗಾಲ್ ಮ್ಯಾಗಜೀನ್' ಪತ್ರಿಕೆಯಲ್ಲಿ ಆಕೆಯ ಬರಹಗಳು ಬರತೊಡಗಿದುವು. ಮೊದಲನೆಯದು ಲಕೋಂತ್ ದ ಲೀಲ್ ಎಂಬ ಫ್ರೆಂಚ್ ಕವಿಯನ್ನು ಕುರಿತದ್ದು. 1876ರ ಮಾರ್ಚ್ ತಿಂಗಳಲ್ಲಿ ಕಲ್ಕತ್ತೆಯ ಭವಾನೀಪುರದ ಮುದ್ರಣಾಲಯವೊಂದರಲ್ಲಿ ಆಕೆಯ ಮೊದಲ ಪುಸ್ತಕ 'ಎ ಶೀಫ್ ಗ್ಲೀನ್ಡ್ ಇನ್ ಫ್ರೆಂಚ್ ಫೀಲ್ಡ್ಸ್' ಅಚ್ಚಾಯಿತು. ಕೊಯ್ಲಾದ ಹೊಲದಲ್ಲಿ ಉಳಿದ ತೆನೆಗಳನ್ನು ಆರಿಸುವುದಕ್ಕೆ ನಮ್ಮ ರೈತಾಪಿ ಜನ ಹಕ್ಕಲಾಯುವುದು ಎನ್ನುತ್ತಾರೆ. ಫ್ರೆಂಚ್ ಹೊಲಗಳಲ್ಲಿ ಹಕ್ಕಲಾಯ್ದು ಕಟ್ಟಿದ ತೆನೆಯ ಹೊರೆ ಎಂದು ಆ ಹೆಸರಿನ ಅರ್ಥ. ಹ್ಯೂಗೋ, ಲಾಮಾರ್ತೀನ್, ಗೋತಿಯೇ ಮೊದಲಾದ ಫ್ರೆಂಚ್ ಕವಿಗಳ 150ಕ್ಕೂ ಹೆಚ್ಚು ಕವಿತೆಗಳ ಇಂಗ್ಲಿಷ್ ಅನುವಾದ ಅದರಲ್ಲಿವೆ. ಅವುಗಳಲ್ಲಿ ಕೆಲವು ತೀರಿಹೋಗಿದ್ದ ಅಕ್ಕ ಅರು ಮಾಡಿದವು. ಅಕ್ಕನ ತೆನೆಗಳನ್ನೂ ತಂಗಿ ತನ್ನ ಹೊರೆಯಲ್ಲಿ ಸೇರಿಸಿ ಕಟ್ಟಿದ್ದಳು.

ಪುಸ್ತಕಕ್ಕೆ ಮುನ್ನುಡಿ ಇಲ್ಲ, ಅಂದವಾದ ಅಚ್ಚಿಲ್ಲ. 1876ರ ಆಗಸ್ಟಿನಲ್ಲಿ ಅದರ ಒಂದು ಪ್ರತಿ ಲಂಡನ್ನಿನ 'ಎಕ್ಸಾಮಿನರ್' ಪತ್ರಿಕೆಯ ಕಚೇರಿಗೆ ಅಂಚೆಯಲ್ಲಿ ಬಂದು ಬಿದ್ದಿತು. ನೋಡಿದರೆ ಕಸದ ಬುಟ್ಟಿಗೇ ಹುಟ್ಟಿದಂತಿತ್ತು. ವಿಮರ್ಶಕನಾದ ಎಡ್ಮಂಡ್ ಗಾಸ್ ಒಲ್ಲದ ಮನಸ್ಸಿನಿಂದ ಅದನ್ನು ತೆರೆದವನು, ಹ್ಯೂಗೋವಿನ ಕವಿತೆಯೊಂದರ ಅನುವಾದ ಕಣ್ಣಿಗೆ ಬೀಳಲು ಬೆರಗಾದನು. ಆ ಅನುವಾದ ಅರುವಿನದು! ಛಂದಸ್ಸು ಕೆಲವೆಡೆ ಮುಗ್ಗರಿಸಿದೆಯೆಂದೂ ಕೆಲವೆಡೆ ನಿರ್ದುಷ್ಟವಾಗಿದೆಯೆಂದೂ ಆತನೇ ಮುಂದೆ ಹೇಳಿದ್ದಾನೆ. ಪ್ಯಾರಿಸಿನಲ್ಲಿ ಆಂದ್ರೆ ತೆರಿಯೆ ಎಂಬ ಸಾಹಿತಿ 1877ರಲ್ಲಿ 'ರೆವ್ಯು ದೆ ದ ಮೋಂದ್' ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಈ ಪುಸ್ತಕವನ್ನು ಮೆಚ್ಚಿ ಬರೆದನು. ಕಲ್ಕತ್ತೆಯ ತೋಟದ ಮನೆಯೊಳಗೆ ನಿಘಂಟಿನೊಡನೆ ಕುಳಿತಿದ್ದವಳ ದನಿ ಎರಡು ರಾಜಧಾನಿಗಳಿಗೆ ಮುಟ್ಟಿತ್ತು.

ಪರಭಾಷೆಯ ವ್ಯಾಮೋಹದಲ್ಲಿ ತೋರು ತನ್ನ ನೆಲವನ್ನು ಮರೆತಳೆಂದು ಯಾರೂ ತಿಳಿಯಬಾರದು. 1875ರಲ್ಲಿ ತಂದೆಯೊಡನೆ ಸಂಸ್ಕೃತಾಭ್ಯಾಸವನ್ನು ಆರಂಭಿಸಿದಳು. ದೇಹಸ್ಥಿತಿ ಕೆಟ್ಟದ್ದರಿಂದ ಅದನ್ನು ಬಹಳ ದಿನ ನಡೆಸಲಾಗಲಿಲ್ಲ. ಆದರೂ ಸಾವಿತ್ರಿ, ಧ್ರುವ, ಪ್ರಹ್ಲಾದ ಮೊದಲಾದವರ ಕಥೆಗಳು ಆಕೆಯ ಕೈಯಲ್ಲಿ ಇಂಗ್ಲಿಷ್ ಕಾವ್ಯವಾದುವು. ಗಾಳಿಮರದ ಕವನವಿರುವುದು ಆ ಪುಸ್ತಕದಲ್ಲಿಯೇ. ಅದು ಲಂಡನ್ನಿನಲ್ಲಿ ಪ್ರಕಟವಾದದ್ದು 1882ರಲ್ಲಿ, ಆಕೆ ತೀರಿಕೊಂಡ ಮೇಲೆ.

ಫ್ರೆಂಚ್ ಜ್ಞಾನವೇ ಆಕೆಯನ್ನು ಪ್ರಾಚೀನ ಭಾರತದ ಕಡೆಗೆ ಮತ್ತೊಂದು ದಾರಿಯಿಂದ ಕರೆತಂದಿತು. ಪ್ಯಾರಿಸಿನ ಕ್ಲಾರಿಸ್ ಬಾದೆರ್ ಎಂಬ ವಿದುಷಿ ಪ್ರಾಚೀನ ಭಾರತದ ಸ್ತ್ರೀಯರನ್ನು ಕುರಿತು ಒಂದು ಗ್ರಂಥವನ್ನು ಬರೆದು 1864ರಲ್ಲಿ ಪ್ರಕಟಿಸಿದ್ದಳು. ಅದನ್ನು ಇಂಗ್ಲಿಷಿಗೆ ಭಾಷಾಂತರಿಸಲು ಅಪ್ಪಣೆ ಬೇಡಿ 1877ರ ಮೊದಲಲ್ಲಿ ತೋರು ಫ್ರೆಂಚಿನಲ್ಲಿಯೇ ಕಾಗದ ಬರೆದಳು. ಆ ವಿದುಷಿ ಸಂತೋಷದಿಂದ ಒಪ್ಪಿ ಉತ್ತರ ಬರೆದಳು. ಒಬ್ಬರನ್ನೊಬ್ಬರು ಕಾಣದ ಇಬ್ಬರಲ್ಲಿ ಸ್ನೇಹ ಬೆಳೆಯಿತು. ಅಕ್ಕನ ಮರಣದಿಂದ ನಿಂತುಹೋಗಿದ್ದ ಸಂಭಾಷಣೆ ಕಾಗದದ ಮೇಲೆ ಮತ್ತೆ ಮೊದಲಾಯಿತೆನ್ನಬಹುದು. ಆದರೆ ಅಕ್ಕನನ್ನು ಕೊಂಡೊಯ್ದ ಕ್ಷಯವೇ ತಂಗಿಯನ್ನೂ ಹಿಡಿದಿತ್ತು. ಜುಲೈ 30ರಂದು ಆಕೆ ಆ ಗೆಳತಿಗೆ ಕೊನೆಯ ಕಾಗದ ಬರೆದಳು. ಸರಿಯಾಗಿ ಒಂದು ತಿಂಗಳ ಮೇಲೆ, 1877ರ ಆಗಸ್ಟ್ 30ರಂದು, ಕಲ್ಕತ್ತೆಯಲ್ಲಿ ದೇಹ ಬಿಟ್ಟಳು. ಕೈಗೆತ್ತಿಕೊಂಡ ಭಾಷಾಂತರ ಕೈಗೂಡಲಿಲ್ಲ.

ಮಗಳ ಕಾಗದಪತ್ರಗಳನ್ನು ತೆಗೆದು ನೋಡುತ್ತಿದ್ದ ಗೋವಿನಚಂದ್ರರಿಗೆ ಅವುಗಳ ನಡುವೆ ಒಂದು ಹಸ್ತಪ್ರತಿ ಸಿಕ್ಕಿತು. ಅದು ಪೂರ್ಣವಾದ ಒಂದು ಕಾದಂಬರಿ, ಫ್ರೆಂಚ್ ಭಾಷೆಯಲ್ಲಿ: 'ಲ ಜೂರ್ನಾಲ್ ದ ಮದ್ಮುವಾಸೆಲ್ ದಾರ್ವೆರ್', ಎಂದರೆ ಕುಮಾರಿ ದಾರ್ವೆರಳ ದಿನಚರಿ. ಅಕ್ಕನೊಡನೆ ಮಾಡಿಕೊಂಡ ಒಪ್ಪಂದದಲ್ಲಿ ತನ್ನ ಪಾಲನ್ನು ತಂಗಿ ಸದ್ದಿಲ್ಲದೆ ಸಲ್ಲಿಸಿದ್ದಳು. ಕ್ಲಾರಿಸ್ ಬಾದೆರಳ ಪೀಠಿಕೆಯೊಡನೆ ಅದು 1879ರಲ್ಲಿ ಪ್ಯಾರಿಸಿನಲ್ಲಿ ಪ್ರಕಟವಾಯಿತು. ಭಾರತೀಯರು ಫ್ರೆಂಚಿನಲ್ಲಿ ಬರೆದ ಮೊದಲ ಕಾದಂಬರಿಯೆಂದು ಸಾಹಿತ್ಯ ಚರಿತ್ರೆಯಲ್ಲಿ ಅದಕ್ಕೆ ಸ್ಥಾನವಿದೆ.

ಕಥೆ ಹೀಗಿದೆ: ಮಾರ್ಗರಿತ್ ಎಂಬ ಹದಿನೈದರ ಹುಡುಗಿ ಸಂನ್ಯಾಸಿನಿಯರ ಮಠದಲ್ಲಿ ವ್ಯಾಸಂಗ ಮುಗಿಸಿ ತಂದೆತಾಯಿಗಳ ಮನೆಗೆ ಮರಳುತ್ತಾಳೆ. ಆಕೆ ಒಲಿದ ತರುಣ ಪ್ರಭು ಕೊಲೆಗಾರನಾಗಿ, ಹುಚ್ಚು ಹಿಡಿದು ಸಾಯುತ್ತಾನೆ. ತನ್ನನ್ನು ಮೊದಲಿನಿಂದಲೂ ಪ್ರೀತಿಸುತ್ತಿದ್ದ ಲೂಯಿ ಎಂಬವನನ್ನು ಮದುವೆಯಾಗಿ, ಒಂದು ಮಗುವನ್ನು ಹೆತ್ತು ಆಕೆಯೂ ತೀರಿಕೊಳ್ಳುತ್ತಾಳೆ. ಕಥೆಯಲ್ಲಿ ಅತಿರೇಕವಿಲ್ಲದೆ ಇಲ್ಲ. ಇಪ್ಪತ್ತರ ವಯಸ್ಸಿನ ಬರಹವೆಂಬುದು ಅಲ್ಲಲ್ಲಿ ಕಾಣುತ್ತದೆ. ಭಾಷಾಭ್ಯಾಸಿಗಳು ಮುಖ್ಯವಾಗಿ ಗಮನಿಸಬೇಕಾದದ್ದು ಆಕೆ ಆರಿಸಿಕೊಂಡ ರೂಪವನ್ನು. ದಿನಚರಿಯೆಂದರೆ ತನ್ನೊಡನೆ ತಾನೇ ಆಡುವ ಮಾತು. ಮಗಳು ತಾಯಿಯೊಡನೆ, ಗೆಳತಿ ಗೆಳತಿಯೊಡನೆ, ಹೆಂಡತಿ ಗಂಡನೊಡನೆ ಮನೆಯೊಳಗೆ ಆಡುವ ಮಾತುಗಳನ್ನು ಅದರಲ್ಲಿ ತರಬೇಕು. ಯಾರು ಯಾರನ್ನು ನೀನು ಎನ್ನಬೇಕು, ನೀವು ಎನ್ನಬೇಕು ಎಂಬುದು ಪುಟಪುಟದಲ್ಲಿಯೂ ಎದುರಾಗುತ್ತದೆ. ವ್ಯಾಕರಣವೊಂದನ್ನೇ ಕಲಿತವರು ಪ್ರಬಂಧ ಬರೆದಾರು, ಮನೆಮಾತನ್ನು ಬರೆಯಲಾರರು. ತೋರು ಅದನ್ನು ಬರೆದದ್ದು ಫ್ರಾನ್ಸಿನಲ್ಲಿ ಇದ್ದದ್ದು ಕೆಲವೇ ತಿಂಗಳಾದರೂ, ಎದುರಿಗೆ ಕುಳಿತು ಫ್ರೆಂಚ್ ಆಡುತ್ತಿದ್ದ ಅಕ್ಕ ಇಲ್ಲವಾಗಿದ್ದರೂ. ಮಾತನಾಡಲು ಜನರಿಲ್ಲದಾಗ ಆಕೆ ತನ್ನ ಕಲ್ಪನೆಯಿಂದಲೇ ಜನರನ್ನು ಸೃಷ್ಟಿಸಿಕೊಂಡು ಅವರಿಂದ ಫ್ರೆಂಚ್ ಆಡಿಸಿದಳು.

ಫ್ರಾನ್ಸಿನ ವಿದ್ವಾಂಸ ಜೇಮ್ಸ್ ದಾರ್ಮೆಸ್ತೆತೆರ್ ಈಕೆಯನ್ನು ಜನ್ಮದಿಂದ ಹಿಂದೂದೇಶದವಳು, ಶಿಕ್ಷಣದಿಂದ ಇಂಗ್ಲಿಷಳು, ಹೃದಯದಿಂದ ಫ್ರೆಂಚಳು ಎಂದು ವರ್ಣಿಸಿದ್ದಾನೆ. 1921ರಲ್ಲಿ ಹರಿಹರ ದಾಸರು ಪ್ರಕಟಿಸಿದ ಜೀವನಚರಿತ್ರೆಯಲ್ಲಿ ಆಕೆ ಮೇರಿ ಮಾರ್ಟಿನಳಿಗೆ ಬರೆದ ಪತ್ರಗಳಿವೆ. ಅವುಗಳನ್ನು ಓದಿದರೆ ಈ ಮಾತು ಎಷ್ಟು ಸಮಂಜಸವೆಂಬುದು ತಿಳಿಯುತ್ತದೆ. ಮರಳಿ ಕಡಲು ದಾಟಬೇಕೆಂಬ ಆಕೆಯ ಹಂಬಲವೂ ತಿಳಿಯುತ್ತದೆ. ಆ ಹಂಬಲ ಈಡೇರಲಿಲ್ಲ. ಕಲ್ಕತ್ತೆಯ ಮಾಣಿಕ್ತಲಾ ಸ್ಮಶಾನದಲ್ಲಿ ಆಕೆಯ ಸಮಾಧಿಯಿದೆ.

ನಮ್ಮ ಕಾಲೇಜುಗಳಲ್ಲಿ ಎರಡನೆಯ ಭಾಷೆ, ಮೂರನೆಯ ಭಾಷೆಯೆಂದು ನಾವು ಕಲಿಯುವುದು ಅಂಕಕ್ಕಾಗಿ. ಪರೀಕ್ಷೆ ಮುಗಿದ ಮರುದಿನವೇ ಅದನ್ನು ಮರೆಯಲು ತೊಡಗುತ್ತೇವೆ. ತೋರು ದತ್ತಳಿಗೆ ಅಂಕ ಕೊಟ್ಟವರಿಲ್ಲ. ತಿಳಿಯದ ಪದವನ್ನು ಹಾರಿಸದೆ ಹುಡುಕುವ ಛಲ ಒಂದು, ಆಡುವುದಕ್ಕೆ ಜೊತೆಯೊಂದನ್ನು ಹೇಗಾದರೂ ಸಂಪಾದಿಸುವ ಹಟ ಇನ್ನೊಂದು: ಆಕೆಯ ವ್ಯಾಸಂಗದ ಗುಟ್ಟೆಲ್ಲ ಇಷ್ಟೇ. ನಮ್ಮ ಗ್ರಂಥಭಂಡಾರದಲ್ಲಿ ನಿಘಂಟುಗಳಿವೆ. ಪಕ್ಕದ ಬೆಂಚಿನಲ್ಲಿ ಗೆಳೆಯನೋ ಗೆಳತಿಯೋ ಇದ್ದಾರೆ. ಪಂತಕ್ಕೆ ಒಂದು ರೂಪಾಯಿ ಮಾತ್ರ ಬೇಕು.